ಜೀವಕೋಶದೊಳಗಿನ ಲೆಕ್ಕ



ವಿಜ್ಞಾನದ ಒಂದು ಹೊಸ ವಿಚಾರವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಆರಿಸಿಕೊಂಡಿರುವುದು ಬ್ಯಾಕ್ಟೀರಿಯಗಳಿಂದ ಲೆಕ್ಕ ಮಾಡಿಸುವ ವಿದ್ಯೆಯನ್ನು. ಹೊರನಾಡಿನ ಸುದ್ದಿಯಿಂದ ಶುರುಮಾಡಬೇಕಾಗಿಲ್ಲ, ಕೋಲ್ಕತ್ತದಿಂದಲೇ ಶುರುಮಾಡಬಹುದು.

ಮೇಘನಾದ ಸಾಹಾ ಅವರು ಪರಮಾಣು ಭೌತವಿಜ್ಞಾನಕ್ಕೆಂದು ಕಟ್ಟಿದ ಸಾಹಾ ಇನ್‌ಸ್ಟಿಟ್ಯೂಟ್‌ನಲ್ಲಿ ಇಂದು ಜೀವಕೋಶಗಳ ಮೇಲೆ ಕೆಲಸ ಮಾಡುವವರೂ ಇದ್ದಾರೆ. ಅಲ್ಲಿನ ಸಂಗ್ರಾಮ್ ಬಾಗ್ ಅವರ ತಂಡ 2024ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ನಮ್ಮೆಲ್ಲರ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯದ ಡಿಎನ್‌ಎಗೆ ಹೊಸ ಜೀನುಗಳನ್ನು ಸೇರಿಸಿ ಅವರು ಹಲವು ತಳಿಗಳನ್ನು ಸಿದ್ಧಪಡಿಸಿದ್ದರು. ಬೇಕಾದ ತಳಿಗಳನ್ನು ಆಯ್ದು ಒಂದೇ ದ್ರವದಲ್ಲಿ ಬೆರೆಸಿ ಬೆಳೆಸಿದರೆ ಆ ಮಿಶ್ರಣ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಅಂಕಿ ಅವಿಭಾಜ್ಯವೇ ಅಲ್ಲವೇ? ಇಂಗ್ಲಿಷಿನ ಎ ಇಂದ ಎಲ್ ವರೆಗಿನ ಒಂದು ಅಕ್ಷರ ಸ್ವರವೇ ಅಲ್ಲವೇ? ಒಂದು ದುಂಡನೆಯ ತಿನಿಸನ್ನು ಇಷ್ಟು ಸಲ ನೇರವಾಗಿ ಕೊಯ್ದರೆ ಹೆಚ್ಚೆಂದರೆ ಎಷ್ಟು ತುಂಡುಗಳಾಗುತ್ತವೆ?

ಬ್ಯಾಕ್ಟೀರಿಯಕ್ಕೆ ಅಂಕಿಯನ್ನು ಕೊಡುವುದು ಹೇಗೆಂದು ನೀವು ಕೇಳುತ್ತೀರಿ. ಕಂಪ್ಯೂಟರಿನಂತೆಯೇ ಇಲ್ಲಿಯೂ ಅಂಕಿಗಳು ಒಂದು ಮತ್ತು ಸೊನ್ನೆಗಳಾಗಿ ಬರುತ್ತವೆ. ಎಂಟು, ನಾಲ್ಕು, ಎರಡು, ಒಂದು ಎಂಬ ಬೆಲೆಗಳನ್ನು ನಾಲ್ಕು ರಾಸಾಯನಿಕಗಳಿಗೆ ಕೊಟ್ಟಿದ್ದೇವೆ ಎಂದುಕೊಳ್ಳಿ. ಐದು ಎಂದರೆ ನಾಲ್ಕು ಮತ್ತು ಒಂದು. ಆ ಎರಡು ರಾಸಾಯನಿಕಗಳನ್ನು ದ್ರವಕ್ಕೆ ಹಾಕಿ, ಉಳಿದೆರಡನ್ನು ಹಾಕದೆ ಕಾಯಬೇಕು. ಒಂದೊಂದು ತಳಿಯೂ ತನಗೆ ಗೊತ್ತುಮಾಡಿದ ರಾಸಾಯನಿಕಗಳ ಜೋಡಣೆಗೆ ಮಾತ್ರ ಪ್ರತಿಕ್ರಿಯಿಸಿ ಹೊಳೆಯುವ ಪ್ರೋಟೀನನ್ನು ತಯಾರಿಸುತ್ತದೆ. ಮೆದುಳಿನ ನರಕೋಶಗಳ ಗಣಿತ ಮಾದರಿಯನ್ನೇ ಬಾಗ್ ಅವರ ತಂಡ ಇಲ್ಲಿ ಅನುಸರಿಸಿದೆ. ಒಂದೊಂದು ಬ್ಯಾಕ್ಟೀರಿಯ ತಳಿಯೂ ಒಂದೊಂದು ಕೃತಕ ನರಕೋಶ, ಎಲ್ಲವೂ ಸೇರಿದರೆ ಒಂದು ಜಾಲ.

ಹೈಸ್ಕೂಲಿನ ಹುಡುಗಿಯೊಬ್ಬಳು ಕ್ಷಣದಲ್ಲಿ ಹೇಳುವ ಈ ಉತ್ತರಕ್ಕೆ ಬ್ಯಾಕ್ಟೀರಿಯಗಳಿಗೆ ಗಂಟೆಗಟ್ಟಲೆ ಸಮಯ ಬೇಕು. ಹಾಗಿದ್ದರೆ ಇದರಿಂದ ಏನು ಪ್ರಯೋಜನ ಎಂಬುದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜೀವಕೋಶದ ಲೆಕ್ಕಕ್ಕೆ ವೇಗ ಸರಿಯಾದ ಅಳತೆಗೋಲಲ್ಲ. ಆ ಲೆಕ್ಕ ಎಲ್ಲಿ ನಡೆಯುತ್ತದೆ ಎಂದು ನೋಡಬೇಕು. ಸಿಲಿಕಾನ್ ಚಿಪ್ ಸುಲಭವಾಗಿ ತಲುಪಲಾರದ ಕರುಳಿನ ಗೋಡೆಯಲ್ಲಿ, ಗಡ್ಡೆಯ ಒಳಗೆ, ಬಾವಿಯ ನೀರಿನಲ್ಲಿ ನಿಂತು, ಅಲ್ಲಿನ ಅಣುಗಳನ್ನೇ ಗುರುತಿಸಿ, ಅಲ್ಲೇ ತೀರ್ಮಾನಿಸಿ, ಅಲ್ಲೇ ಒಂದು ಔಷಧವನ್ನೋ ಸೂಚನೆಯನ್ನೋ ಹೊರಬಿಡುವ ಸಾಧನ ಇನ್ನೊಂದಿಲ್ಲ. ಈ ವಿದ್ಯೆಯ ಬಹುಪಾಲು ತೊಡಕುಗಳೂ ಇದೇ ಮೂಲದಿಂದ ಬರುತ್ತವೆ, ಏಕೆಂದರೆ ಆ ಸಾಧನಕ್ಕೆ ಜೀವವಿದೆ.

ನಾವು ಕಲಿಸುವ ಮೊದಲೇ ಜೀವಕೋಶಕ್ಕೆ ಲೆಕ್ಕ ಗೊತ್ತಿತ್ತು. ಫ್ರಾನ್ಸಿನ ಜಾಕ್ ಮೊನೋ 1941ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ವಿಚಿತ್ರ ಬೆಳವಣಿಗೆಯ ದಾಖಲೆಯಿದೆ. ಎರಡು ಬಗೆಯ ಸಕ್ಕರೆಯನ್ನು ಒಟ್ಟಿಗೆ ಕೊಟ್ಟಾಗ ಬ್ಯಾಕ್ಟೀರಿಯಗಳು ಎರಡನ್ನೂ ಒಟ್ಟಿಗೆ ತಿನ್ನುವುದಿಲ್ಲ. ಗ್ಲೂಕೋಸ್ ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇದ್ದರೆ ಮೊದಲು ಗ್ಲೂಕೋಸನ್ನು ಮುಗಿಸುತ್ತವೆ. ಆಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಬಿಡುವಿನಲ್ಲಿ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಸಿದ್ಧಮಾಡಿಕೊಂಡು ಮತ್ತೆ ಬೆಳೆಯತೊಡಗುತ್ತವೆ. ಈ ಬಿಡುವಿನ ಅರ್ಥವನ್ನು ಬಿಡಿಸಲು ಇಪ್ಪತ್ತು ವರ್ಷ ಬೇಕಾಯಿತು. 1961ರಲ್ಲಿ ಮೊನೋ ಮತ್ತು ಫ್ರಾನ್ಸ್ವಾ ಜಾಕೋಬ್ ಕೊಟ್ಟ ವಿವರಣೆ ಹೀಗಿದೆ: ಲ್ಯಾಕ್ಟೋಸ್ ಇಲ್ಲದಿದ್ದಾಗ ಒಂದು ತಡೆ ಅಣು ಡಿಎನ್‌ಎ ಮೇಲೆ ಕುಳಿತು ಆ ಕಿಣ್ವದ ಜೀನನ್ನು ಮುಚ್ಚಿರುತ್ತದೆ. ಲ್ಯಾಕ್ಟೋಸ್ ಒಳಬಂದರೆ ಆ ಅಣುವಿನ ಹಿಡಿತ ಸಡಿಲಾಗುತ್ತದೆ. ಆ ತಡೆ ಅಣು ಒಂದು ಪ್ರೋಟೀನ್ ಎಂಬುದೂ, ಗ್ಲೂಕೋಸ್ ಕಡಿಮೆಯಾದಾಗ ಜೀನನ್ನು ಚುರುಕುಗೊಳಿಸುವ ಇನ್ನೊಂದು ಪ್ರೋಟೀನ್ ಬಂದು ಕೂರುತ್ತದೆ ಎಂಬುದೂ ಆಮೇಲೆ ತಿಳಿಯಿತು. ಒಟ್ಟಿನಲ್ಲಿ ‘ಲ್ಯಾಕ್ಟೋಸ್ ಇರಬೇಕು, ಗ್ಲೂಕೋಸ್ ಇರಬಾರದು’ ಎಂಬ ಎರಡು ಷರತ್ತುಗಳೂ ಕೂಡಿಬಂದಾಗಲೇ ಜೀನ್ ಪೂರ್ತಿಯಾಗಿ ತೆರೆಯುತ್ತದೆ. ಎಂಜಿನಿಯರುಗಳು ಆ್ಯಂಡ್ ಗೇಟ್ ಎನ್ನುವುದು ಇದನ್ನೇ. ಈ ಇಡೀ ತೀರ್ಮಾನ ಸುಮಾರು ಎರಡು ಮೈಕ್ರಾನ್ ಉದ್ದದ ಕೋಶದಲ್ಲಿ, ಹತ್ತರ ಆಸುಪಾಸಿನ ತಡೆ ಪ್ರೋಟೀನುಗಳಿಂದ ನಡೆಯುತ್ತದೆ. ಜಾಕೋಬ್, ಮೊನೋ ಮತ್ತು ಅವರ ಹಿರಿಯ ಸಹೋದ್ಯೋಗಿ ಆಂದ್ರೆ ಲ್ವಾಫ್ ಅವರಿಗೆ 1965ರಲ್ಲಿ ನೊಬೆಲ್ ಬಂತು.

ನನ್ನನ್ನು ಹೆಚ್ಚು ಸೆಳೆಯುವುದು ಅವರು ಅದೇ 1961ರಲ್ಲಿ ಬರೆದ ಇನ್ನೊಂದು ಪ್ರಬಂಧ. ಇಂಥ ತಡೆಗಳನ್ನು ಒಂದಕ್ಕೊಂದು ಹೆಣೆದರೆ ಯಾವ್ಯಾವ ನಡವಳಿಕೆ ಹುಟ್ಟಬಹುದು ಎಂದು ಅವರು ಅಲ್ಲಿ ಕಾಗದದ ಮೇಲೆ ಬರೆದು ನೋಡಿದ್ದರು. ಡಿಎನ್‌ಎಯನ್ನು ಕತ್ತರಿಸಿ ಜೋಡಿಸುವ ತಂತ್ರ ಆಗ ಇನ್ನೂ ಹುಟ್ಟಿರಲಿಲ್ಲ.

ಆ ಕಾಗದದ ಚಿತ್ರ ಕೋಶದೊಳಗೆ ಇಳಿದದ್ದು 2000ದ ಜನವರಿಯಲ್ಲಿ. ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಬಾಸ್ಟನ್ ವಿಶ್ವವಿದ್ಯಾಲಯದ ಟಿಮೊತಿ ಗಾರ್ಡನರ್, ಚಾರ್ಲ್ಸ್ ಕ್ಯಾಂಟರ್ ಮತ್ತು ಜೇಮ್ಸ್ ಕಾಲಿನ್ಸ್ ಒಂದು ಸ್ವಿಚ್ ಕಟ್ಟಿದ್ದರು. ಎರಡು ಜೀನುಗಳು, ಒಂದರ ಪ್ರೋಟೀನ್ ಇನ್ನೊಂದನ್ನು ಮುಚ್ಚುತ್ತದೆ. ಮೊದಲನೆಯದು ಗೆದ್ದರೆ ಎರಡನೆಯದು ಏಳಲಾರದು, ಎರಡನೆಯದು ಗೆದ್ದರೆ ಮೊದಲನೆಯದು ಏಳಲಾರದು. ಒಂದು ರಾಸಾಯನಿಕವನ್ನು ಸ್ವಲ್ಪ ಹೊತ್ತು ಕೊಟ್ಟರೆ ಸ್ವಿಚ್ ಒಂದು ಕಡೆಗೆ ಬೀಳುತ್ತದೆ, ಬಿಸಿ ಮಾಡಿದರೆ ಇನ್ನೊಂದು ಕಡೆಗೆ. ರಾಸಾಯನಿಕವನ್ನು ತೊಳೆದುಹಾಕಿದ ಮೇಲೂ ಕೋಶ ಅದೇ ಸ್ಥಿತಿಯಲ್ಲಿ ಉಳಿಯುತ್ತದೆ, ಒಡೆದು ಎರಡಾದಾಗ ಮಕ್ಕಳಿಗೂ ಅದನ್ನೇ ಕೊಡುತ್ತದೆ. ಅಂದರೆ ಒಂದು ಬಿಟ್ ನೆನಪು.

ಪ್ರಿನ್ಸ್‌ಟನ್‌ನ ಮೈಕೇಲ್ ಎಲೋವಿಟ್ಜ್ ಮತ್ತು ಸ್ಟ್ಯಾನಿಸ್ಲಾಸ್ ಲೈಬ್ಲರ್ ಮಾಡಿದ್ದು ಗಡಿಯಾರ. ಮೂರು ತಡೆ ಜೀನುಗಳು ಉಂಗುರದಂತೆ ಒಂದನ್ನೊಂದು ಮುಚ್ಚುತ್ತಾ ಹೋಗುತ್ತವೆ. ಕೋಶ ಹಸಿರಾಗಿ ಹೊಳೆದು, ಮಂಕಾಗಿ, ಮತ್ತೆ ಹೊಳೆಯುತ್ತದೆ. ಒಂದು ಸುತ್ತಿಗೆ ಸುಮಾರು ಎರಡೂವರೆ ಗಂಟೆ. ಬ್ಯಾಕ್ಟೀರಿಯ ಅಷ್ಟರೊಳಗೆ ಎರಡು ಸಲವಾದರೂ ಒಡೆದಿರುತ್ತದೆ. ಅಜ್ಜಿಯ ಕೋಶದಲ್ಲಿ ಆರಂಭವಾದ ಸುತ್ತು ಮೊಮ್ಮಗಳ ಕೋಶದಲ್ಲಿ ಮುಗಿಯುತ್ತದೆ. ಆದರೆ ಎಲ್ಲ ಕೋಶಗಳಲ್ಲೂ ಈ ಗಡಿಯಾರ ನಡೆಯಲಿಲ್ಲ. ಸುಮಾರು ನೂರಕ್ಕೆ ನಲವತ್ತರಲ್ಲಿ ನಡೆಯಿತು, ಅವುಗಳಲ್ಲೂ ಒಂದರ ಗತಿ ಇನ್ನೊಂದರಂತಿರಲಿಲ್ಲ.

ಈ ಏರುಪೇರು ಏಕೆ ಎಂಬಲ್ಲಿ ಕಥೆ ಬೆಂಗಳೂರಿಗೆ ತಾಕುತ್ತದೆ. ಇ. ಕೋಲಿಯ ಗಾತ್ರ ಎಷ್ಟು ಪುಟ್ಟದೆಂದರೆ ಒಂದು ನ್ಯಾನೋಮೋಲಾರ್ ಸಾಂದ್ರತೆ ಎಂದರೆ ಕೋಶಕ್ಕೆ ಸುಮಾರು ಒಂದೇ ಅಣು. ಇಷ್ಟು ಕಡಿಮೆ ಅಣುಗಳಿರುವಲ್ಲಿ ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಫಲಿತಾಂಶ ಬದಲಾಗುತ್ತದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸಂಶೋಧಕರಾಗಿರುವ ಮುಕುಂದ್ ಥಟ್ಟೈ ಅವರು ಅಮೆರಿಕದ ಎಂಐಟಿಯಲ್ಲಿದ್ದಾಗ ಅಲೆಕ್ಸಾಂಡರ್ ವಾನ್ ಔಡೆನಾರ್ಡನ್ ಜೊತೆ 2001ರಲ್ಲಿ ಈ ಏರುಪೇರಿನ ಗಣಿತವನ್ನು ಬಿಡಿಸಿದರು. ಜೀನಿನ ಒಂದೊಂದು ಆರ್‌ಎನ್‌ಎ ಪ್ರತಿಯಿಂದ ಎಷ್ಟೆಷ್ಟು ಪ್ರೋಟೀನ್ ಒಮ್ಮೆಲೇ ಹುಟ್ಟುತ್ತದೆಯೋ ಅದಕ್ಕೆ ತಕ್ಕಂತೆ ಏರುಪೇರು ಹೆಚ್ಚುತ್ತದೆ ಎಂದು ತೋರಿಸಿದರು. 2004ರಲ್ಲಿ ಅವರೂ ಇದ್ದ ತಂಡ ಮೊನೋ ಅವರ ಹಳೆಯ ಲ್ಯಾಕ್ಟೋಸ್ ವ್ಯವಸ್ಥೆಯನ್ನೇ ಮತ್ತೆ ಕೈಗೆತ್ತಿಕೊಂಡಿತು. ಲ್ಯಾಕ್ಟೋಸಿನಂತೆಯೇ ಕೆಲಸ ಮಾಡುವ ಒಂದು ರಾಸಾಯನಿಕವನ್ನು ಅದೇ ಪ್ರಮಾಣದಲ್ಲಿ ಕೊಟ್ಟರೂ ಕೆಲವು ಕೋಶಗಳಲ್ಲಿ ಜೀನ್ ತೆರೆದಿರುತ್ತಿತ್ತು, ಕೆಲವುಗಳಲ್ಲಿ ಮುಚ್ಚಿರುತ್ತಿತ್ತು. ಯಾವ ಕೋಶ ಹಿಂದೆ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯನ್ನು ಹಿಡಿದುಕೊಂಡಿತ್ತು. ಬಾಸ್ಟನ್ನಿನಲ್ಲಿ ಕೈಯಾರೆ ಕಟ್ಟಿದಂಥ ನೆನಪು ಪ್ರಕೃತಿಯ ಜಾಲದಲ್ಲೂ ಇದೆ ಎಂದಾಯಿತು.

ಸ್ವಿಚ್ಚೂ ಗಡಿಯಾರವೂ ಸಿಕ್ಕ ಮೇಲೆ ದೊಡ್ಡ ಸರ್ಕ್ಯೂಟ್ ಕಟ್ಟುವುದು ಸುಲಭವೆಂದು ತೋರಿತ್ತು. ಆಗಲಿಲ್ಲ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಚಿಪ್ಪಿನಲ್ಲಿ ಎಲ್ಲ ಸಂಕೇತಗಳೂ ಎಲೆಕ್ಟ್ರಾನುಗಳೇ. ತಂತಿ ಬೇರೆಬೇರೆಯಾಗಿರುವುದರಿಂದ ಅವು ಬೆರೆಯುವುದಿಲ್ಲ. ಕೋಶದೊಳಗೆ ತಂತಿಯೇ ಇಲ್ಲ. ಎಲ್ಲ ಪ್ರೋಟೀನುಗಳೂ ಒಂದೇ ದ್ರವದಲ್ಲಿ ತೇಲುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬರನ್ನು ಕರೆಯಬೇಕಾದರೆ ಬೇರೆ ಯಾರಿಗೂ ಇಲ್ಲದ ಹೆಸರಿನಿಂದಲೇ ಕೂಗಬೇಕಲ್ಲ, ಹಾಗೆ ಇಲ್ಲಿ ಒಂದೊಂದು ಸಂಪರ್ಕಕ್ಕೂ ಬೇರೊಂದು ಅಣುವೇ ಬೇಕು. ಎಂಐಟಿಯ ಕ್ರಿಸ್ಟೊಫರ್ ವೋಯ್ಟ್ ಅವರ ಗುಂಪು ನಾನಾ ಬ್ಯಾಕ್ಟೀರಿಯಗಳ ಜೀನೋಮುಗಳಿಂದ 73 ತಡೆ ಪ್ರೋಟೀನುಗಳನ್ನು ಆಯ್ದು ಪರೀಕ್ಷಿಸಿದಾಗ, ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕದಂಥವು 16 ಉಳಿದವು. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳ ಚಿಪ್ಪಿನ ಎದುರು ಹದಿನಾರು ಬಿಡಿಭಾಗಗಳು!

ಅಷ್ಟರಲ್ಲೇ ಅವರು ಮಾಡಿ ತೋರಿಸಿದ್ದು ದೊಡ್ಡದು. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸೆಲ್ಲೊ ಎಂಬ ಸಾಫ್ಟ್‌ವೇರ್ ಅವರದು. ಚಿಪ್ ವಿನ್ಯಾಸಕರು ಬಳಸುವ ವೆರಿಲಾಗ್ ಭಾಷೆಯಲ್ಲಿ ಬೇಕಾದ ತರ್ಕವನ್ನು ಬರೆದುಕೊಟ್ಟರೆ ಸೆಲ್ಲೊ ಅದಕ್ಕೆ ತಕ್ಕ ಡಿಎನ್‌ಎ ಸರಣಿಯನ್ನು ಬರೆದುಕೊಡುತ್ತದೆ. ಹಾಗೆ ಬರೆಸಿದ 60 ಸರ್ಕ್ಯೂಟುಗಳನ್ನು, ಒಟ್ಟು 8,80,000 ಬೇಸ್ ಜೋಡಿಗಳಷ್ಟು ಡಿಎನ್‌ಎಯನ್ನು, ಯಾವ ತಿದ್ದುಪಡಿಯೂ ಇಲ್ಲದೆ ಕಟ್ಟಿ ಇ. ಕೋಲಿಗೆ ಹಾಕಿದರು. 45 ಸರ್ಕ್ಯೂಟುಗಳು ಎಲ್ಲ ಸ್ಥಿತಿಗಳಲ್ಲೂ ಸರಿಯುತ್ತರ ಕೊಟ್ಟವು. ಬೆಂಗಳೂರಿನಲ್ಲಿ ವೆರಿಲಾಗ್ ಬರೆದು ಸಂಸಾರ ನಡೆಸುವ ಎಂಜಿನಿಯರುಗಳು ಬಹಳ ಮಂದಿ ಇದ್ದಾರೆ. ಈ ಸಭೆಯಲ್ಲೂ ಇರಬಹುದು. ಅವರ ಕಸುಬಿನ ಭಾಷೆ ಜೀವಕೋಶದವರೆಗೂ ಹೋಗಿದೆ ಎಂದು ಹೇಳಲು ನನಗೆ ನಿಜವಾಗಿ ಸಂತೋಷವಾಗುತ್ತದೆ.

ಸಂಪರ್ಕದ ತೊಡಕಿಗೆ ಇನ್ನೊಂದು ಪರಿಹಾರವೆಂದರೆ ಲೆಕ್ಕವನ್ನು ಹಲವು ಕೋಶಗಳಿಗೆ ಹಂಚುವುದು. 2011ರಲ್ಲಿ ವೋಯ್ಟ್ ಅವರ ಗುಂಪು ಒಂದೊಂದು ಬ್ಯಾಕ್ಟೀರಿಯ ವಸಾಹತಿನಲ್ಲಿ, ಎರಡು ಸಂಕೇತಗಳೂ ಇಲ್ಲದಾಗ ಮಾತ್ರ ತೆರೆಯುವ ನಾರ್ ಗೇಟನ್ನು ಒಂದೊಂದರಂತೆ ಇಟ್ಟಿತು. ತಮ್ಮ ಬಳಗ ಎಷ್ಟು ದೊಡ್ಡದೆಂದು ಅರಿಯಲು ಬ್ಯಾಕ್ಟೀರಿಯಗಳು ಬಿಡುವ ರಾಸಾಯನಿಕಗಳನ್ನೇ ಒಂದು ವಸಾಹತಿನಿಂದ ಇನ್ನೊಂದಕ್ಕೆ ಸಂಕೇತವಾಗಿ ಬಳಸಿತು. ನಾರ್ ಗೇಟುಗಳಷ್ಟೇ ಸಾಕು, ಯಾವ ತರ್ಕವನ್ನಾದರೂ ಅವುಗಳಿಂದ ಕಟ್ಟಬಹುದು. ಅದೇ ವರ್ಷ ಬಾರ್ಸಿಲೋನಾದ ತಂಡವೊಂದು ಯೀಸ್ಟ್ ಕೋಶಗಳಲ್ಲಿ ಇದನ್ನೇ ಮಾಡಿತು. ಕೋಲ್ಕತ್ತದವರು ತಳಿಗಳನ್ನು ಬೆರೆಸಿದ್ದರ ಹಿನ್ನೆಲೆ ಇದು.

ಆದರೆ ಒಂದು ಮತ್ತು ಸೊನ್ನೆಗಳ ಈ ಶಿಸ್ತು ಕೋಶಕ್ಕೆ ಒಗ್ಗುವುದೇ? ಇಸ್ರೇಲಿನ ಯೂರಿ ಅಲೋನ್ ಅವರ ಗುಂಪು 2003ರಲ್ಲಿ ಲ್ಯಾಕ್ಟೋಸ್ ಜೀನಿನ ನಡವಳಿಕೆಯನ್ನು ಎಳೆಎಳೆಯಾಗಿ ಅಳೆದಾಗ ಅದು ಆ್ಯಂಡ್ ಗೇಟ್ ಮತ್ತು ಒಂದೇ ಷರತ್ತು ಸಾಕೆನ್ನುವ ಆರ್ ಗೇಟುಗಳ ನಡುವೆ ಎಲ್ಲೋ ಇರುವುದು ಕಂಡಿತು. ನಾನು ಸ್ವಲ್ಪ ಮೊದಲು ಅದನ್ನು ಆ್ಯಂಡ್ ಗೇಟ್ ಎಂದದ್ದು ವಿವರಣೆಯ ಅನುಕೂಲಕ್ಕೆ. 2013ರಲ್ಲಿ ಎಂಐಟಿಯ ರಮೀಜ್ ಡ್ಯಾನಿಯಲ್, ರಾಹುಲ್ ಸರ್ಪೇಶ್ಕರ್, ತಿಮೊತಿ ಲು ಮತ್ತವರ ಜೊತೆಗಾರರು ಈ ಶಿಸ್ತನ್ನೇ ಬದಿಗಿಟ್ಟರು. ರಾಸಾಯನಿಕದ ಪ್ರಮಾಣ ಸಾವಿರಾರು ಪಟ್ಟು ಏರಿದರೂ ಅದರ ಲಾಗರಿದಮ್‌ಗೆ ತಕ್ಕಂತೆ ಹದವಾಗಿ ಪ್ರತಿಕ್ರಿಯಿಸುವ, ಕೂಡುವ, ಎರಡು ಪ್ರಮಾಣಗಳ ಅನುಪಾತ ಕಂಡುಹಿಡಿಯುವ ಅನಲಾಗ್ ಸರ್ಕ್ಯೂಟುಗಳನ್ನು ಅವರು ಕಟ್ಟಿದರು. ಒಂದೊಂದಕ್ಕೂ ಹೆಚ್ಚೆಂದರೆ ಮೂರು ನಿಯಂತ್ರಕ ಪ್ರೋಟೀನುಗಳು ಸಾಕಾದವು. ಇದೇ ಕೆಲಸವನ್ನು ಡಿಜಿಟಲ್ ಗೇಟುಗಳಿಂದ ಮಾಡಹೊರಟರೆ ಕೋಶ ತಾಳಲಾರದಷ್ಟು ಬಿಡಿಭಾಗಗಳು ಬೇಕು. ಕೋಶದ ಸ್ವಭಾವಕ್ಕೆ ಹೊಂದುವ ದಾರಿ ಇದೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ಲೆಕ್ಕ ನಡೆಯುವ ಜಾಗದ ಮಾತು. ಕ್ಯಾನ್ಸರ್ ಕೋಶವನ್ನು ಆರೋಗ್ಯವಾದ ಕೋಶದಿಂದ ಬೇರೆಮಾಡಿ ತೋರಿಸುವ ಒಂದೇ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಹಲವು ಗುರುತುಗಳನ್ನು ಒಟ್ಟಿಗೆ ನೋಡಬೇಕು, ಅದೂ ಕೋಶದ ಒಳಗಿನಿಂದ. 2011ರಲ್ಲಿ ಯಾಕೋವ್ ಬೆನೆನ್ಸನ್ ಮತ್ತು ರಾನ್ ವೈಸ್ ಅವರ ತಂಡ ಆರು ಬಗೆಯ ಮೈಕ್ರೋ ಆರ್‌ಎನ್‌ಎಗಳ ಮಟ್ಟವನ್ನು ಒಟ್ಟಿಗೆ ಪರಿಶೀಲಿಸುವ ಸರ್ಕ್ಯೂಟನ್ನು ಮಾನವ ಕೋಶಗಳಿಗೆ ಹಾಕಿತು. ಕೆಲವು ಹೆಚ್ಚಾಗಿರಬೇಕು, ಕೆಲವು ಕಡಿಮೆಯಾಗಿರಬೇಕು, ಎಲ್ಲವೂ ಹೊಂದಿದರೆ ಮಾತ್ರ ಕೋಶವನ್ನು ಸಾಯಿಸುವ ಪ್ರೋಟೀನ್ ತಯಾರಾಗಬೇಕು. ಹೀಲಾ ಎಂಬ ಕ್ಯಾನ್ಸರ್ ಕೋಶಗಳನ್ನು ಅದು ಗುರುತಿಸಿ ಕೊಂದಿತು, ಉಳಿದವನ್ನು ಬಹುಮಟ್ಟಿಗೆ ಬಿಟ್ಟಿತು. ಇದು ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು, ರೋಗಿಯ ಮೈಯಲ್ಲಲ್ಲ. ಆದರೂ ‘ಈ ಕೋಶ ಶತ್ರುವೇ’ ಎಂಬ ಪ್ರಶ್ನೆಯನ್ನು ಕೋಶದೊಳಗೇ ಕೇಳಿ ಅಲ್ಲೇ ಉತ್ತರಿಸಬಹುದು ಎಂಬುದು ಅಂದು ಸಾಬೀತಾಯಿತು.

2018ರಲ್ಲಿ ಎಂಐಟಿಯ ತಿಮೊತಿ ಲು ಮತ್ತು ಅನಂತ ಚಂದ್ರಕಾಸನ್ ಅವರ ಗುಂಪುಗಳು ಬ್ಯಾಕ್ಟೀರಿಯವನ್ನೂ ಚಿಪ್ಪನ್ನೂ ಒಂದೇ ನುಂಗುವ ಗುಳಿಗೆಯಲ್ಲಿ ಕೂಡಿಸಿದವು. ಹೊಟ್ಟೆಯಲ್ಲಿ ರಕ್ತಸ್ರಾವವಾಗಿದ್ದರೆ ಬ್ಯಾಕ್ಟೀರಿಯ ರಕ್ತದ ಹೀಮ್ ಅಣುವನ್ನು ಗುರುತಿಸಿ ಬೆಳಕು ಬೀರುತ್ತದೆ, ಚಿಪ್ ಆ ಬೆಳಕನ್ನು ಅಳೆದು ಹೊರಗಿನ ಫೋನಿಗೆ ರೇಡಿಯೊ ಸಂದೇಶ ಕಳಿಸುತ್ತದೆ. ಹಂದಿಗಳಲ್ಲಿ ಇದು ಕೆಲಸ ಮಾಡಿತು. ಮೂಸಿ ತಿಳಿಯುವ ಕೆಲಸ ಜೀವಕ್ಕೆ, ಸುದ್ದಿ ಮುಟ್ಟಿಸುವ ಕೆಲಸ ಸಿಲಿಕಾನಿಗೆ. ಈ ಹಂಚಿಕೆ ನನಗೆ ಬಹಳ ವಿವೇಕದ್ದೆಂದು ತೋರುತ್ತದೆ.

ನೀರಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇರುವುದು ಗೊತ್ತೇ ಇದೆ. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಗಣಿ ಪಟ್ಟಿಯ ಕೆಲವು ಹಳ್ಳಿಗಳ ನೀರಿನಲ್ಲೂ ಅದು ಪತ್ತೆಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬ್ಯಾಕ್ಟೀರಿಯಗಳಿಗೆ ಆರ್ಸೆನಿಕ್ಕನ್ನು ಗುರುತಿಸುವ ತಮ್ಮದೇ ತಡೆ ಪ್ರೋಟೀನ್ ಇದೆ. 2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದನ್ನು ಬಳಸಿ, ಆರ್ಸೆನಿಕ್ ಇದ್ದರೆ ನೀರಿನ ಆಮ್ಲೀಯತೆಯನ್ನೇ ಬದಲಿಸುವ ಬ್ಯಾಕ್ಟೀರಿಯವನ್ನು ರೂಪಿಸಿದರು. ಆ ಬದಲಾವಣೆಯನ್ನು ಬಣ್ಣ ತಿರುಗುವ ಅಗ್ಗದ ಸೂಚಕದಿಂದ ಬರಿಗಣ್ಣಿನಲ್ಲೇ ನೋಡಬಹುದು.

ಇಷ್ಟೆಲ್ಲ ಆಗಿದ್ದರೂ ಇವು ನಮ್ಮ ಮನೆಬಾಗಿಲಿಗೆ ಏಕೆ ಬಂದಿಲ್ಲ? ಸರ್ಕ್ಯೂಟನ್ನು ಹೊತ್ತ ಕೋಶ ಹೆಚ್ಚುವರಿ ಪ್ರೋಟೀನು ತಯಾರಿಸಬೇಕು, ಅದರಿಂದ ಅದರ ಬೆಳವಣಿಗೆ ನಿಧಾನವಾಗುತ್ತದೆ. ಯಾವುದೋ ಒಂದು ಕೋಶದಲ್ಲಿ ಆಕಸ್ಮಿಕವಾಗಿ ಸರ್ಕ್ಯೂಟ್ ಕೆಟ್ಟರೆ ಆ ಕೋಶ ಹಗುರಾಗಿ ಬೇಗ ಬೆಳೆಯುತ್ತದೆ. ಒಂದು ಲೆಕ್ಕ ಹಾಕೋಣ. ಸರ್ಕ್ಯೂಟ್ ಇರುವ ಕೋಶ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ, ಕೆಟ್ಟದ್ದು ಅದಕ್ಕಿಂತ ನೂರಕ್ಕೆ ಹತ್ತರಷ್ಟು ವೇಗವಾಗಿ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಆರಂಭದಲ್ಲಿ ಹತ್ತು ಲಕ್ಷಕ್ಕೆ ಒಂದೇ ಒಂದು ಕೆಟ್ಟ ಕೋಶವಿದ್ದರೂ ಸುಮಾರು 200 ಗಂಟೆಗಳಲ್ಲಿ, ಅಂದರೆ ಎಂಟು ದಿನ ಕಳೆದು ಒಂಬತ್ತನೆಯ ದಿನದಲ್ಲಿ, ಕೆಟ್ಟವೂ ಒಳ್ಳೆಯವೂ ಸಮಸಮವಾಗುತ್ತವೆ. ಯಾರೂ ತಪ್ಪು ಮಾಡಬೇಕಾಗಿಲ್ಲ, ನಿಸರ್ಗದ ಆಯ್ಕೆ ತನ್ನ ಕೆಲಸ ಮಾಡುತ್ತದೆ. ಚಿಪ್ ಹಾಳಾದರೆ ನಿಂತುಹೋಗುತ್ತದೆ. ಜೀವಂತ ಸಾಧನದ ಹಾಳಾದ ಪ್ರತಿಯೇ ಹೆಚ್ಚು ಹಬ್ಬುತ್ತದೆ.

ಔಷಧದ ದಾರಿಯೂ ಸುಲಭವಾಗಿಲ್ಲ. ಫೀನೈಲ್‌ಕೀಟೋನೂರಿಯ ಎಂಬ ಆನುವಂಶಿಕ ಕಾಯಿಲೆಯಿರುವವರ ಮೈ ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಅರಗಿಸಲಾರದು. ಅಮೆರಿಕದ ಸಿನ್‌ಲಾಜಿಕ್ ಕಂಪನಿ, ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಮೊದಲನೆಯ ಮಹಾಯುದ್ಧದ ಸೈನಿಕನೊಬ್ಬನಿಂದ ಬೇರ್ಪಡಿಸಿದ ನಿರುಪದ್ರವಿ ಇ. ಕೋಲಿ ತಳಿಯನ್ನು ತೆಗೆದುಕೊಂಡು, ಕರುಳಿನಲ್ಲೇ ಆ ಅಮೈನೋ ಆಮ್ಲವನ್ನು ಒಡೆಯುವಂತೆ ಮಾರ್ಪಡಿಸಿತ್ತು. ಮಾನವ ಪ್ರಯೋಗದ ಮೂರನೆಯ ಹಂತದವರೆಗೆ ಹೋಗಿ, ಗುರಿ ಮುಟ್ಟುವ ಸಂಭವ ಕಡಿಮೆಯೆಂದು ಕಂಡಾಗ 2024ರ ಫೆಬ್ರವರಿಯಲ್ಲಿ ಆ ಪ್ರಯೋಗವನ್ನು ನಿಲ್ಲಿಸಿತು. ಆ ಔಷಧಕ್ಕಾಗಿ ಕಾದಿದ್ದ ಕುಟುಂಬಗಳನ್ನು ನೆನೆದರೆ ಸಂಕಟವಾಗುತ್ತದೆ.

ಹಾರ್ವರ್ಡ್‌ನ ಪಮೇಲಾ ಸಿಲ್ವರ್ ಅವರ ಗುಂಪಿನ ಕೆಲಸದಲ್ಲಿ ನನಗೆ ಭರವಸೆ ಕಾಣುತ್ತದೆ. ಬ್ಯಾಕ್ಟೀರಿಯಗಳ ಮೇಲೆ ದಾಳಿ ಮಾಡುವ ಲ್ಯಾಂಬ್ಡಾ ವೈರಸ್ಸಿನಲ್ಲಿ ಪ್ರಕೃತಿಯೇ ರೂಪಿಸಿದ ಒಂದು ಸ್ವಿಚ್ ಇದೆ. ಅವರು ಅದನ್ನು ನೆನಪಿನ ಬಿಟ್ ಆಗಿ ಬಳಸಿ, ಇಲಿಯ ಕರುಳಿನಲ್ಲಿ ಉರಿಯೂತದ ಒಂದು ಗುರುತನ್ನು ಕಂಡರೆ ನೆನಪಿಟ್ಟುಕೊಳ್ಳುವ ಬ್ಯಾಕ್ಟೀರಿಯವನ್ನು ಮಾಡಿದರು. 2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸಾಧನ ಇಲಿಯೊಳಗೆ ಆರು ತಿಂಗಳು ಕೆಡದೆ ಉಳಿಯಿತು. ಆ ಸ್ವಿಚ್ ಸಂಕೇತ ಬರುವವರೆಗೆ ಕೋಶದಿಂದ ಬಹಳ ಕಡಿಮೆ ಕೇಳುತ್ತದೆ. ಕಡಿಮೆ ಹೊರೆಯ ಸರ್ಕ್ಯೂಟನ್ನು ಕಿತ್ತೆಸೆಯುವುದರಿಂದ ಕೋಶಕ್ಕೆ ಹೆಚ್ಚಿನ ಲಾಭವಿಲ್ಲ.

ಸರ್ಕ್ಯೂಟ್ ಹೀಗೆ ಕೆಡಬಹುದಾದ ಕಾರಣಕ್ಕೇ ನಮ್ಮ ದೇಶದ ಚರ್ಚೆಯಲ್ಲಿ ಒಂದು ಅಂಕಿ ಸೇರಬೇಕೆಂದು ನಾನು ಕೇಳಿಕೊಳ್ಳುತ್ತೇನೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ, ತಳಿ ಮಾರ್ಪಡಿಸಿದ ಸೂಕ್ಷ್ಮಜೀವಿಯನ್ನು ಪರಿಸರಕ್ಕೆ ಬಿಡಬೇಕಾದರೆ ಕೇಂದ್ರದ ಜಿಇಎಸಿ ಸಮಿತಿಯ ಅನುಮತಿ ಬೇಕು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟ ಮೇಲೆ ಜೈವಿಕ ತಯಾರಿಕೆಗೆ ಉತ್ತೇಜನ ಹೆಚ್ಚುತ್ತಿದೆ. ಅದು ಒಳ್ಳೆಯದೇ. ಬಿಡುಗಡೆಗೆ ಮೊದಲು ಬ್ಯಾಕ್ಟೀರಿಯ ವಿಷಕಾರಿಯೇ ಎಂದು ಕೇಳುವ ಪದ್ಧತಿ ಈಗಾಗಲೇ ಇದೆ. ಲೆಕ್ಕ ಮಾಡುವ ಬ್ಯಾಕ್ಟೀರಿಯದ ವಿಷಯದಲ್ಲಿ ಅಷ್ಟೇ ಸಾಲದು. ಅದರ ಸರ್ಕ್ಯೂಟ್ ಎಷ್ಟು ತಲೆಮಾರುಗಳವರೆಗೆ ಸರಿಯುತ್ತರ ಕೊಡುತ್ತದೆ, ಕೆಟ್ಟ ಮೇಲೆ ಅದು ಸುಮ್ಮನಾಗುತ್ತದೆಯೋ ತಪ್ಪು ಉತ್ತರ ಕೊಡುತ್ತದೆಯೋ ಎಂಬುದನ್ನೂ ಅಳೆದು ಸಾರ್ವಜನಿಕರ ಮುಂದಿಡಬೇಕು. ಆರ್ಸೆನಿಕ್ ಇರುವ ನೀರನ್ನು ಸುರಕ್ಷಿತವೆಂದು ಹೇಳುವ ಕೆಟ್ಟ ಬ್ಯಾಕ್ಟೀರಿಯ ಪರೀಕ್ಷೆಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಈ ಅಳತೆಗೆ ಬೇಕಾದ ಜ್ಞಾನ ಕೋಲ್ಕತ್ತದಲ್ಲೂ ಬೆಂಗಳೂರಿನಲ್ಲೂ ಇದೆ, ಮತ್ತು ಇಲಿಗಳಲ್ಲಿ ಆರು ತಿಂಗಳು ಅಳೆದು ತೋರಿಸಿದ ಮಾದರಿಯೂ ನಮ್ಮ ಮುಂದಿದೆ.